ಫಾರ್ಮಲ್ ದಿನದ ಹರಳೆಣ್ಣೆ

ಸ್ಕೋಫೀಲ್ಡ್ಸ್, ಸೋಮವಾರ

ಪ್ರೀತಿಯ ಜಲಜಾ,

ಅಂಚೆಯಲ್ಲಿ ಕಾಗದ ಬಂದಿದೆಯೆಂದು ಗಾಬರಿಯಾಗಬೇಡ, ನಾವೆಲ್ಲ ಚೆನ್ನಾಗಿದ್ದೇವೆ. ವಾಟ್ಸಾಪಿನಲ್ಲಿ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಅಳಿಸಿದೆ. ಕಾಗದದಲ್ಲಾದರೆ ಹೊಡೆದುಹಾಕಿದ್ದೂ ನಿನಗೆ ಕಾಣುತ್ತದೆ. ನಿನ್ನ ಅಕ್ಕನಂಥವಳಿಗೆ ಇಷ್ಟು ಕಟ್ಟುನಿಟ್ಟು ಬೇಕು.

ಶುಕ್ರವಾರ ಮಧ್ಯಾಹ್ನ ಎರಡು ವರ್ಷದ ನಂತರ ನಾವಿಬ್ಬರೂ ಮುಖ ನೋಡಿದೆವು, ಅದೂ ವಿಡಿಯೋದಲ್ಲಿ. ಹೇಗಿದ್ದೀಯ ಎಂದು ಕೇಳಲೂ ಪುರುಸೊತ್ತಿಲ್ಲದೆ ಶಾಂಪೂ ವಿಷಯ ಮಾತಾಡಿದೆವು. ನಾನು ಆ ಫಜೀತಿಗೆ ಹೇಗೆ ಬಿದ್ದೆ ಎಂದು ಶ್ರದ್ಧಾ ನಿನಗೆ ತನ್ನ ರೀತಿಯಲ್ಲಿ ಹೇಳಿರುತ್ತಾಳೆ. ನನ್ನ ರೀತಿಯಲ್ಲಿ ನಾನು ಹೇಳುತ್ತೇನೆ ಕೇಳು.

ಅವಳ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿದು ಅಂದು ಸಂಜೆ ಶಾಲೆಯ ಫಾರ್ಮಲ್. ಮಕ್ಕಳು ಗೌನು, ಸೂಟು ಹಾಕಿಕೊಂಡು ಉಂಡು ಕುಣಿಯುವ ಒಂದೇ ಒಂದು ಸಂಜೆ. ಬ್ಲ್ಯಾಕ್‌ಟೌನಿನ ಒಂದು ಸಲೂನಿನಲ್ಲಿ ಒಂದು ಗಂಟೆಗೆ ಬುಕ್ ಮಾಡಿದ್ದೆವು, ಕೂದಲು ಇಳಿಬಿಟ್ಟು ಗುಂಗುರು ಮಾಡಿಸಲು. ಬೆಳಿಗ್ಗೆ ನನಗೆ ಅದೇನು ಹೊಳೆಯಿತೋ. ಓದಿ ಓದಿ ಮಗುವಿನ ತಲೆ ಕಾದಿದೆ, ಶುಭದಿನ, ಒಂದು ಎಣ್ಣೆ ಸ್ನಾನ ಆಗಲಿ ಎಂದು ಹರಳೆಣ್ಣೆ ಬಿಸಿ ಮಾಡಿದೆ. ಅವಳು ಅರೆನಿದ್ದೆಯಲ್ಲಿ ಫೋನು ನೋಡುತ್ತ ತಲೆ ಬಗ್ಗಿಸಿ ಕೂತಳು. ಎಷ್ಟೋ ವರ್ಷದಿಂದ ತಲೆ ಮುಟ್ಟಲು ಬಿಡದ ಮಗಳು ಸುಮ್ಮನೆ ಕೂತಳಲ್ಲ ಎಂಬ ಸಡಗರಕ್ಕೆ ಬಟ್ಟಲು ಖಾಲಿಯಾದದ್ದೇ ಗೊತ್ತಾಗಲಿಲ್ಲ. ಹರಳೆಣ್ಣೆ ಬಿಡಬೇಕಾದರೆ ಸೀಗೆಪುಡಿ ಬೇಕು ಎಂದು ಅಮ್ಮ ಸಾವಿರ ಸಲ ಹೇಳಿದ್ದಳು. ಮನೆಯಲ್ಲಿ ಸೀಗೆಪುಡಿ ಇರಲಿಲ್ಲ.

ಮೂರು ಸಲ ಶಾಂಪೂ ಹಾಕಿ ತೊಳೆದರೂ ಕೂದಲು ಅಂಟಂಟು. ಸಲೂನಿನ ಹುಡುಗಿ ಒಂದು ಎಳೆ ಹಿಡಿದು ನೋಡಿ, ಬೆರಳನ್ನು ಟವೆಲಿಗೆ ಒರೆಸಿಕೊಂಡಳು. ಇದಕ್ಕೆ ಬಿಸಿ ಮುಟ್ಟಿಸಿದರೆ ಸುಡುತ್ತದೆ, ಗುಂಗುರು ನಿಲ್ಲುವುದೂ ಇಲ್ಲ, ನನ್ನಿಂದಾಗದು ಎಂದಳು. ಪಾಪ, ಅವಳ ತಪ್ಪಿಲ್ಲ.

ಕಾರಿನಲ್ಲಿ ಶ್ರದ್ಧಾ, "ಐ'ಮ್ ನಾಟ್ ಗೋಯಿಂಗ್, ಮಮ್," ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಫೋನು ತೆಗೆದು, "ಚಿಕ್ಕಮ್ಮಾ, ಅಮ್ಮ ಪುಟ್ ಆಯಿಲ್," ಎಂದು ಗೋಳೋ ಎಂದು ಅತ್ತಳು. ಅವಳ ಫೋನಿನಲ್ಲಿ ನಿನ್ನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಎರಡು ವರ್ಷವೂ ನೀವಿಬ್ಬರು ಮಾತಾಡುತ್ತಲೇ ಇದ್ದಿರಿ. ಗೌನು ಆರಿಸಿದ್ದೂ ನೀನೇ ಅಂತೆ. ಕಳ್ಳಿಯರಾ! ಬೇರೆ ದಿನವಾಗಿದ್ದರೆ ರಂಪ ಮಾಡುತ್ತಿದ್ದೆ. ಅಂದು ಮಾತ್ರ ದೇವರೇ, ಸದ್ಯ ಎನ್ನಿಸಿತು.

ಮನೆ ಸೇರುವಾಗ ಎರಡೂವರೆ. ನಾಲ್ಕೂವರೆಗೆ ಪಾರ್ಕಿನಲ್ಲಿ ಎಲ್ಲ ಮಕ್ಕಳ ಫೋಟೋ. ನೀನು ಮೆಲ್ಬರ್ನಿನಲ್ಲಿ ನಿನ್ನ ಸಲೂನಿನೊಳಗೇ ನಿಂತಿದ್ದೆ. "ಅಕ್ಕ, ಅಳೋದೆಲ್ಲ ಆಮೇಲೆ. ಕೂದಲು ಪೂರ್ತಿ ಒಣಗ್ಲಿ, ಒಣ ಕೂದಲಿಗೇ ಶಾಂಪೂ ಹಾಕಿ ತಿಕ್ಕು. ನೀರು ಆಮೇಲೆ," ಎಂದೆ. ನಾನು ಹಾಗೇ ಮಾಡಿದೆ, ಎರಡು ಸಲ. ಒಣಗಿಸಿದ ಮೇಲೂ ಬುಡದಲ್ಲಿ ಜಿಡ್ಡು ಉಳಿದಿತ್ತು. ಫೋನನ್ನು ಅವಳ ತಲೆಯ ಹತ್ತಿರ ಹಿಡಿದು ತೋರಿಸಿದೆ. ನೀನು ಪರದೆಗೆ ಕಣ್ಣು ಹತ್ತಿರ ತಂದು ನೋಡಿ, "ಇರ್ಲಿ ಬಿಡು. ಕರ್ಲ್ಸ್ ಮರೆತ್ಬಿಡಿ ಇಬ್ರೂ. ನುಣ್ಣಗೆ ಹಿಂದಕ್ಕೆ ಬಾಚಿ ಸ್ಲೀಕ್ ಬನ್ ಹಾಕೋಣ. ಈ ಹೊಳಪು ಬರ್ಲಿ ಅಂತ ನಾನು ಜನಕ್ಕೆ ಜೆಲ್ ಬಳೀತೀನಿ," ಎಂದು ನಕ್ಕೆ. ಶ್ರದ್ಧಾ ಕೂಡ ಮೂಗು ಒರೆಸಿಕೊಂಡು ನಕ್ಕಳು.

ಬೈತಲೆಯನ್ನು ನಾಲ್ಕು ಸಲ ತೆಗೆಸಿದೆ ನೀನು. ತುರುಬಿಗೆ ಪಿನ್ನುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿಸಿದೆ. ಕಿವಿ ಪಕ್ಕದ ಮರಿಗೂದಲು ಕೂರಿಸಲು ಹಲ್ಲುಜ್ಜುವ ಬ್ರಷ್ಷು ಕೇಳಿದಾಗ ನಿನ್ನ ಭಾವ ಹೊಸ ಬ್ರಷ್ಷು ಹುಡುಕುತ್ತ ಮನೆಯೆಲ್ಲ ಓಡಾಡಿದರು. ನಾನು ಅವಸರ ಮಾಡಿದಾಗಲೆಲ್ಲ, "ಭುಜ ಇಳಿಸು ಅಕ್ಕ," ಎನ್ನುತ್ತಿದ್ದೆ. ಇಷ್ಟರಲ್ಲೇ ನೀನು, ನಿನ್ನ ಹಿಂದೆ ಸಲೂನಿನ ಕುರ್ಚಿಯಲ್ಲಿ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಅಜ್ಜಿಯ ಬಳಿ ಹೋಗಿ ಅವಳ ತಲೆ ನೋಡಿದೆ. ನೀನು ಮುಟ್ಟಿದ ಕೂಡಲೇ ಅವಳು ಕಣ್ಣು ಮುಚ್ಚಿ ಕತ್ತು ಸಡಿಲ ಬಿಟ್ಟಳು. ಅಷ್ಟು ನಂಬಿಕೆ. ನಾನು ಬಾಚಣಿಗೆ ಹಿಡಿದುಕೊಂಡು ನೋಡುತ್ತ ನಿಂತುಬಿಟ್ಟೆ.

ಜಲಜಾ, ನಾರ್ತ್ ಸಿಡ್ನಿಯ ಐಟಿ ಕೆಲಸ ಬಿಟ್ಟು ಈ ಕೆಲಸ ಕಲಿಯುತ್ತೇನೆ ಎಂದು ನೀನು ಗೌರಿಹಬ್ಬದ ದಿನ ಹೇಳಿದೆ. "ಬಿಇ ಓದಿ ಕಂಡೋರ ತಲೆ ಬಾಚೋಕೆ ಹೋಗ್ತೀಯಾ? ಅಪ್ಪನಿಗೆ ಏನಂತ ಹೇಳ್ಲಿ?" ಎಂದೆ ನಾನು. ಬಾಗಿನ ಹಿಡಿದು ಕೂತವಳಿಗೆ, ಗೌರಿಯ ಮುಂದೆ ಅಂದೆ. ನೀನು ಊಟವನ್ನೂ ಮಾಡದೆ ಎದ್ದು ಹೋದೆ. ನಾನು ಅದನ್ನೂ ಮುಚ್ಚಿಟ್ಟು, ಕೇಳಿದವರಿಗೆಲ್ಲ ತಂಗಿಗೆ ಮೆಲ್ಬರ್ನಿನಲ್ಲಿ ಹೊಸ ಪ್ರಾಜೆಕ್ಟ್ ಎಂದು ಹೇಳಿಕೊಂಡು ಬಂದೆ. ಅಪ್ಪನಿಗೂ ಅದನ್ನೇ ಹೇಳಿದೆ.

ಪಾರ್ಕಿನಲ್ಲಿ ನಮ್ಮ ಹುಡುಗಿ ಹಸಿರು ಗೌನಿನಲ್ಲಿ ಕತ್ತು ನೀಳವಾಗಿ ನಿಂತಿದ್ದಳು. ನನ್ನದೇ ದೃಷ್ಟಿ ತಾಗುವ ಹಾಗಿದ್ದಳು. ಪಕ್ಕದ ಬೀದಿಯ ವಿಜಯಾ ಬಂದು, "ಹೇರ್ ಸೂಪರ್ ಆಗಿದೆ ರೀ, ಯಾವ ಸಲೂನ್?" ಎಂದು ಕೇಳಿದರು. ಬಾಯಿಗೆ ಏನೋ ಸುಳ್ಳು ಬರುವುದರಲ್ಲಿತ್ತು. "ನನ್ನ ತಂಗಿ ಮಾಡ್ಸಿದ್ದು. ಅವ್ಳು ಹೇರ್‌ಡ್ರೆಸರ್," ಎಂದೆ. "ಅವ್ರು ಐಟಿ ಅಂದಿದ್ರಿ?" ಎಂದರು. "ಸುಳ್ಳು ಹೇಳಿದ್ದೆ," ಎಂದೆ. ಭೂಮಿ ಬಾಯಿಬಿಡಲಿಲ್ಲ. ವಿಜಯಾ ಇನ್ನಷ್ಟು ಹತ್ತಿರ ಬಂದು, "ಡಿಸೆಂಬರಲ್ಲಿ ಸಿಡ್ನಿಗೆ ಬರ್ತಾರಾ? ನಮ್ಮ ಆದ್ಯಾಂದು ಡ್ಯಾನ್ಸ್ ಪ್ರೋಗ್ರಾಂ ಇದೆ, ಈಗ್ಲೇ ಬುಕ್ ಮಾಡ್ಬಿಡ್ಲಾ?" ಎಂದರು. ನಾನು ಎರಡು ವರ್ಷ ಹೆದರಿದ್ದು ಇವರಿಗೆ ಕಣೇ! ನಗು ತಡೆಯಲಾಗಲಿಲ್ಲ. ಎದೆಯಿಂದ ಚಪ್ಪಡಿ ಇಳಿದಂತಾಯಿತು.

ಆ ಧೈರ್ಯದಲ್ಲೇ ನಿನ್ನೆ ಮೈಸೂರಿಗೆ ಫೋನು ಮಾಡಿ ಅಪ್ಪನಿಗೂ ಹೇಳಿದೆ. ಅಪ್ಪ, "ಗೊತ್ತಮ್ಮ. ಅವಳೇ ಹೇಳಿ ಒಂದೂವರೆ ವರ್ಷ ಆಯ್ತು. ಇದು ನಿನ್ನ ಕಿವಿಗೆ ಬಿದ್ರೆ ಬೇಜಾರು ಮಾಡ್ಕೋತೀಯ ಅಂತ ನಾನೇ ಬಾಯಿ ಬಿಡಲಿಲ್ಲ," ಎಂದರು.

ಅಪ್ಪನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ನಿನ್ನ ಭಾವನೂ ತಮಗೆ ಗೊತ್ತಿತ್ತೆಂದು ಈಗ ಮೆಲ್ಲಗೆ ಒಪ್ಪಿಕೊಂಡರು. ಇಡೀ ಮನೆಯಲ್ಲಿ ನಿನಗಾಗಿ ನಾಚಿಕೊಂಡವಳು ನಾನೊಬ್ಬಳೇ. ಉಳಿದವರೆಲ್ಲ ನನಗೆ ನೋವಾಗದಿರಲಿ ಎಂದು ಸುಮ್ಮನಿದ್ದರು. ನೀನೂ ಸುಮ್ಮನಿದ್ದೆ. ತಪ್ಪಾಯಿತು ಜಲಜಾ. ಚಿಕ್ಕವಳ ಮುಂದೆ ಹೀಗೆ ಹೇಳಬಾರದೆಂದು ಯಾರಾದರೂ ಅಂದರೆ ಅನ್ನಲಿ.

ಡಿಸೆಂಬರಿನಲ್ಲಿ ಬಾ. ಆದ್ಯಾಳಿಗಾಗಿ ಬೇಡ, ನನಗಾಗಿ ಬಾ. ನೀನು ಕೈಯಿಟ್ಟ ಒಂದೊಂದು ತಲೆಯೂ ಎತ್ತರವಾಗಿ ನಿಲ್ಲಲಿ, ನಿನ್ನದು ಎಲ್ಲಕ್ಕಿಂತ ಮೊದಲು.

ನೂರು ಕಾಲ ಚೆನ್ನಾಗಿರು ಎಂದು ಹರಸುವ,
ನಿನ್ನ ಶರ್ಮಿಳಕ್ಕ