ಬಿ.ಎ. ಆದವರಿಗೆ ಮಾತ್ರ

ಸ್ಟೇಷನ್ ರಸ್ತೆ, ವಿಜಾಪುರ
೧೯೪೩

ಪ್ರೆಸ್ಸಿನ ಮಾಲಕರಾದ ಗುರಲಿಂಗಪ್ಪನವರಿಗೆ,

ಇಲ್ರಿ, ಆ ಸಾಲು ನಾ ಮರತು ಬಿಟ್ಟಿಲ್ಲ. ಬೇಕಂತ ಬಿಟ್ಟೇನಿ.

ಯುನಿವರ್ಸಿಟಿಯೊಳಗ ಪತ್ರಿಕೆ ಕೆಲಸ ಕಲಸ್ತಾರ, ಈಗ ಬರಿಯೂದರ ಜೋಡಿ ಅಚ್ಚಿನ ಕೆಲಸಾನೂ ಸೇರಿಸ್ಯಾರ ಅಂತ ನೀವು ನಮ್ಮ ವಾರಪತ್ರಿಕೆಗೆ ಬರದ ಸುದ್ದಿಗೆ ಅಚ್ಚಿನ ಮೊಳಿ ಜೋಡಿಸಿದಾಂವ ನಾನ. ಕಡೀಕ "ಬಿ.ಎ. ಆದವರಿಗೆ ಮಾತ್ರ" ಅಂತಿತ್ತು. ಅಲ್ಲೀತನಕ ನನಗೂ ಆಸೆ ಇತ್ತು. ಆರು ವರ್ಷ ಮೊಳಿ ಜೋಡಿಸಿ ಕರ್ರಗಾದ ಕೈ, ಆ ಸಾಲಿಗೆ ಏಳಲಿಲ್ಲ.

ಆ ಸುದ್ದಿ ಕೇಳಿ ನಿನ್ನೆ ಟಿಕೋಟಾದಿಂದ ಕುರಿ ಕಾಯೋ ಸಿದ್ದರಾಯ ಮಗಳು ತಾಯವ್ವನ ಕರಕೊಂಡು ನಡಕೋತ ಬಂದ. "ಏಳನೇ ಇಯತ್ತೆ ಪಾಸಾಗ್ಯಾಳ್ರಿ, ಇಕಿ ಹೆಸರು ಬರಕೋರಿ" ಅಂದ. ನೀವು ನಕ್ರಿ. ನನಗ ಬಟ್ಟು ತೋರಿಸಿ, "ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಂವನ ತಪ್ಪಿದು" ಅಂದ್ರಿ. ಅವರು ವ್ಯರ್ಥ ನಡದು ಬಂದದ್ದು ನನ್ನ ತಪ್ಪ ಖರೆ. ನಕ್ಕದ್ದು ನಿಮ್ಮದು.

ನನಗ ಸಾಕಾಗೇದ್ರಿ. ಆ ಸಾಲು ಈಗ ಜೋಡಿಸಿ ಮೇಜಿನ ಮ್ಯಾಲ ಇಟ್ಟೇನಿ. ಮುಂದಿನ ವಾರ ನಿಮ್ಮ ಕೈಯಾರೆ ಹಾಕ್ರಿ.

ಬಾಗಲಾ ಜೋರಲೇ ಬಡದು ಹೊಂಟೇನಿ. ಮೊಳಿ ಉದುರಿದ್ರ ನೀವ ಆರಿಸಿಕೋರಿ.

ತುಕಾರಾಮ