ಪೆಟ್ಟಿಗೆಯಲ್ಲಿಲ್ಲದ ವಾಕ್ಯ

ತೇಲೂರು,
ಮೂರನೇ ಉಬ್ಬರದ ತೊಂಬತ್ತನೇ ವರ್ಷ, ಹದಿನಾಲ್ಕನೇ ತಿಂಗಳ ಅಮಾವಾಸ್ಯೆ

ಹಿಂದಿನವರೇ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಾಗವೇಣಿ, ಮೀನು ಒಣಗಿಸುವವಳು. ಬರೆಯುವ ಹುಮ್ಮಸ್ಸೇನೂ ನನ್ನಲ್ಲಿ ಉಳಿದಿಲ್ಲ. ಆದರೂ ನಿಮಗೆ ಹೇಳದೆ ಬೇರೆ ದಾರಿ ಕಾಣುತ್ತಿಲ್ಲ.

ಕಡಲು ಕರಾವಳಿಯನ್ನು ನುಂಗಿದ ಮೇಲೆ ನಮ್ಮ ಹಿರಿಯರು ಪೀಪಾಯಿಗಳ ಮೇಲೆ ಹಲಗೆ ಹೊಡೆದು ಕಟ್ಟಿದ ಊರು ಇದು. ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ನಮ್ಮದು ಕನ್ನಡವೇ. ಬೇರೆ ತೇಲುವ ಊರುಗಳ ಜೊತೆ ವ್ಯವಹಾರಕ್ಕೆ ಮಾತ್ರ ಇಂಗ್ಲಿಷ್ ಬೇಕು. ಅದನ್ನು ಕಲಿಯಲು ನಮಗೆ ಉಳಿದದ್ದು ಒಂದೇ ಒಂದು ಪೆಟ್ಟಿಗೆ, ನಿಮ್ಮ ಕಾಲದ ಯಾವುದೋ ಕಚೇರಿಯ ಪತ್ರಗಳದ್ದು. ಹಾಗೆ ಕಲಿತ ಇಂಗ್ಲಿಷಿಗೆ ನಾವು ನಮೂನೆಮಾತು ಅನ್ನುತ್ತೇವೆ. ಬರಬರುತ್ತ ಅದು ನಮ್ಮ ಶುಭಕಾರ್ಯಗಳಿಗೂ ಬಂದುಬಿಟ್ಟಿದೆ. ಮಗುವಿಗೆ ಹೆಸರಿಡುವಾಗ ಕಿವಿಯಲ್ಲಿ ‘ರೆಸ್ಪೆಕ್ಟೆಡ್ ಸರ್’ ಎಂದು ಉಸುರುತ್ತೇವೆ. ಮದುವೆ ಕೇಳಲು ಬಂದ ಗಂಡು ‘ಮೈಸೆಲ್ಫ್’ ಎಂದು ಶುರುಮಾಡಿ, ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮುಗಿಸುತ್ತಾನೆ. ನಾಳೆ ಹೇಳುತ್ತೇನೆ ಅನ್ನುವುದಕ್ಕೆ ಹೆಣ್ಣು ‘ವಿಲ್ ರಿವರ್ಟ್ ಬ್ಯಾಕ್’ ಅನ್ನುತ್ತಾಳೆ. ನಗಬೇಡಿ, ಇವೆಲ್ಲ ನೀವೇ ಬರೆದಿಟ್ಟು ಹೋದದ್ದು.

ಆರು ವರ್ಷದ ಹಿಂದೆ ನನ್ನ ತಂಗಿ ಸುಬ್ಬಿಗೆ ಹೆರಿಗೆ ನೋವು ಬಂದಾಗ ಮಗು ಅಡ್ಡವಾಗಿತ್ತು. ಸೂಲಗಿತ್ತಿ ಕೈಚೆಲ್ಲಿದಳು. ಬಡಗಣ ಊರಿನ ಆಸ್ಪತ್ರೆ ದೋಣಿ ಬಂದರೆ ಉಳಿದಾಳು ಎಂದಳು. ಆ ದೋಣಿಯವರಿಗೆ ಕನ್ನಡ ಬಾರದು. ಅವರದು ಹಡಗಿನ ಜನರಿಂದ ಕಲಿತ ಇಂಗ್ಲಿಷ್, ಬಿಡಿಸಿ ಹೇಳುವಂಥದ್ದು. ನಮ್ಮೂರಿನಲ್ಲಿ ನಮೂನೆಮಾತು ಕಲಿಸುವ ದೇವಿದಾಸ ಮಾಸ್ತರರು ಅಲೆಯೋಲೆ ಕಳಿಸಿದರು, ಅಂದರೆ ಗಾಳಿಯಲ್ಲಿ ಹೋಗಿ ಆಚೆ ಊರಿನ ಹಲಗೆಯ ಮೇಲೆ ಮೂಡುವ ಬರಹ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಇಲ್ಲಿ ಕೊಂಚ ಅನನುಕೂಲ ಉಂಟಾಗಿರುವುದನ್ನು ತಮ್ಮ ಗಮನಕ್ಕೆ ತರಲಾಗಿದೆ ಎಂದು ನಮೂನೆಮಾತಿನಲ್ಲಿ ಬರೆದರು. ಮೇಲೆ ಯಾವ ವಿಷಯವನ್ನೂ ಕಾಣಿಸಿರಲಿಲ್ಲ. ಯಾರಿಗೆ, ಏನಾಗಿದೆ ಎಂದು ದೋಣಿಯವರು ತಿರುಗಿ ಕೇಳಿದರು. “ಒಂದು ಸರ್ ಇಲ್ಲ, ಎಂಥ ಜನ ಇವ್ರು” ಎಂದು ಗೊಣಗುತ್ತಲೇ ಮಾಸ್ತರರು ಪೆಟ್ಟಿಗೆ ತಡಕಿದರು. ಅದರಲ್ಲಿ ಹೆರಿಗೆಗೆ ಸಿಕ್ಕಿದ್ದು ಒಂದೇ ಮಾತು. ಶ್ರೀಮತಿ ಸುಬ್ಬಿಯವರು ಮೆಟರ್ನಿಟಿ ಲೀವ್‌ನಲ್ಲಿದ್ದಾರೆ, ಪರಿಶೀಲಿಸಿ ಉಪಕರಿಸಬೇಕು ಎಂದು ಬರೆದರು.

ಬಹಳ ಸಂತೋಷ, ಆಕೆ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಉತ್ತರ ಬಂತು.

ಸುಬ್ಬಿ ನನ್ನ ಕೈ ಹಿಡಿದು, “ದೋಣಿ ಬಂತಾ ಅಕ್ಕಾ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಬರುತ್ತಿದೆ ಎಂದು ನಾನು ಹೇಳುತ್ತಿದ್ದೆ. ಕೊನೆಗೆ ಸೂಲಗಿತ್ತಿ ಹೇಗೋ ಮಗುವನ್ನು ಉಳಿಸಿದಳು, ತಾಯಿಯನ್ನು ಉಳಿಸಲಾಗಲಿಲ್ಲ. ಮಾಸ್ತರರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ನನಗಿಂತ ಹೆಚ್ಚು ಅತ್ತರು. ಸಿಟ್ಟು ಬಂದದ್ದು ನಿಮ್ಮ ಮೇಲೆ. ಆಗಿಂದ ಆ ಪೆಟ್ಟಿಗೆಯ ಒಂದೊಂದು ಹಾಳೆಯನ್ನೂ ಓದಿದ್ದೇನೆ. ಎಲ್ಲವೂ ಆಗಿದೆ, ಮಾಡಲಾಗಿದೆ, ಪರಿಗಣಿಸಲಾಗಿದೆ. ಮಾಡಿದವರು ಯಾರೆಂದು ಒಬ್ಬರೂ ಹೇಳುವುದಿಲ್ಲ. ನಿಮ್ಮಲ್ಲಿ ಯಾರೂ ಕಾಯಿಲೆ ಬೀಳುತ್ತಿರಲಿಲ್ಲವೇ? ಯಾರಿಗೂ ಭಯವಾಗುತ್ತಿರಲಿಲ್ಲವೇ? ಆಗುತ್ತಿದ್ದರೆ ಅದನ್ನೇಕೆ ಬರೆಯಲಿಲ್ಲ? ಓದಿ ಓದಿ ಸಾಕಾಗಿಹೋಗಿದೆ.

ದೊಡ್ಡದೇನನ್ನೂ ಕೇಳುವುದಿಲ್ಲ. ನೀವು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಪತ್ರವನ್ನಾದರೂ ಎದುರಿಗೆ ಕೂತವರಿಗೆ ಹೇಳಿದಂತೆ ಬರೆಯಿರಿ. ಯಾರು, ಏನಾಯಿತು, ಏನು ಬೇಕು, ಅಷ್ಟು ಸಾಕು. ಬರೆದದ್ದನ್ನು ಪಕ್ಕದ ಮನೆಯವರಿಗೆ ಓದಿ ಹೇಳಿ. ಅವರಿಗೆ ತಿಳಿಯದಿದ್ದರೆ ಹರಿದುಹಾಕಿ ಇನ್ನೊಮ್ಮೆ ಬರೆಯಿರಿ. ಆಮೇಲೆ ಅದನ್ನು ನೀರು ತಾಗದ ಕಡೆ ಇಡಿ.

ಸುಬ್ಬಿಯ ಮಗಳು ಬರುವ ಹುಣ್ಣಿಮೆಗೆ ಇಂಗ್ಲಿಷ್ ಕಲಿಯಲು ಕೂರುತ್ತಾಳೆ. ಮಾಸ್ತರರಿಗೆ ಕಣ್ಣು ಮಂಜಾಗಿದೆ, ಕಲಿಸಬೇಕಾದವಳು ನಾನೇ. ‘ನನ್ನ ತಂಗಿ ಸಾಯುತ್ತಿದ್ದಾಳೆ, ಬೇಗ ಬನ್ನಿ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾಗವೇಣಿ