ತಾಯಿನಾಯಿಯ ಎಕ್ಸ್‌ರೇ

ಭಾವನವರಿಗೆ ನಮಸ್ಕಾರ.

ನೀವು ಕೊಟ್ಟ ಮರಿ ಎಂಟು ತಿಂಗಳಿಗೇ ಹಿಂಗಾಲು ಎಳೆಯುತ್ತಿದೆ. "ನಿಮ್ಮ ನುಣುಪು ನೆಲದಲ್ಲಿ ಜಾರಿರಬೇಕು" ಅಂದಿರಿ. ನೆಲಕ್ಕೆ ಚಾಪೆ ಹಾಸಿದೆ, ಊಟ ಅಳೆದು ಹಾಕಿ ಮೈ ಬರದಂತೆ ನೋಡಿಕೊಂಡೆ. ಡಾಕ್ಟರು ಮಾತ್ರ, "ಸೊಂಟದ ಕೀಲೇ ಸರಿಯಾಗಿ ಕೂತಿಲ್ಲ. ದೊಡ್ಡ ತಳಿಗಳಲ್ಲಿ ಇದು ಹೆತ್ತವರಿಂದಲೇ ಬರೋದು ಜಾಸ್ತಿ. ತಾಯಿಯ ಎಕ್ಸ್‌ರೇ ತನ್ನಿ" ಎಂದರು.

ಮೂರು ಸಲ ಕೇಳಿದೆ, ಮೂರು ಸಲವೂ ಮಾತು ತೇಲಿಸಿದಿರಿ. ಮೊನ್ನೆ ನಾನು ಬಂದಾಗ ತಾಯಿನಾಯಿ ಎದ್ದು ನಿಲ್ಲಲೇ ಇಲ್ಲ. "ಸೋಮಾರಿ ಮುಂಡೇದು" ಎಂದು ನಕ್ಕಿರಿ. ಅದಕ್ಕೆ ಮತ್ತೆ ಮರಿ ಮಾಡಿಸುತ್ತೀರಂತೆ.

ದಯವಿಟ್ಟು ಬೇಡ. ಈಗಷ್ಟೇ ಅಕ್ಕ ಫೋನ್ ಮಾಡಿದ್ದಳು. ಎಕ್ಸ್‌ರೇ ತೆಗೆಸಿ ಎರಡು ವರ್ಷವಾಯಿತಂತೆ. ತಾಯಿಯ ಕೀಲೂ ಹಾಗೇ ಇದೆಯಂತೆ, ಆ ಎಕ್ಸ್‌ರೇಯನ್ನು ನೀವೇ ಬೀರುವಿನಲ್ಲಿಟ್ಟು ಬೀಗ ಹಾಕಿದಿರಂತೆ. "ನಾನೇ ಹೇಳಿದೆ ಅಂತ ಬರಿ" ಎಂದಳು.

ನಿಮ್ಮ ನಾದಿನಿ